ಸಾಕು ಅಂದರೆ ಸಾಕು

ಬಿಸಿನೀರು ಬರುತ್ತಿದ್ದುದು ಕೆಳಗಿನ ಮಹಡಿಯಲ್ಲಿ. ಮೈ ಒರೆಸಬೇಕಾದ ಮುದುಕರು ಮಲಗಿದ್ದುದು ಮೇಲಿನ ಮಹಡಿಯಲ್ಲಿ. ನಡುವೆ ಲಿಫ್ಟ್ ಇತ್ತು, ಆದರೆ ಅದು ಹೆತ್ತವರನ್ನು ನೋಡಲು ಬರುವ ಮಕ್ಕಳಿಗೆ ಮೀಸಲು. ಬಕೆಟ್ ಒಳಗಿಟ್ಟರೆ ಕನ್ನಡಿಗೆ ಹಬೆ ಕೂರುತ್ತದೆ ಎಂದು ಮಾಲೀಕರು ಹೇಳಿದ್ದರು. ಕನ್ನಡಿಯ ಆರೋಗ್ಯ ಮುಖ್ಯವಲ್ಲವೆ? ಹಾಗಾಗಿ ಆಕೆ ಕೈಗೊಂದು ಬಕೆಟ್ ಹಿಡಿದು, "ಬಿಸಿನೀರು, ಬಿಸಿನೀರು, ದಾರಿ ಬಿಡಿ" ಎನ್ನುತ್ತ ಮೆಟ್ಟಿಲು ಹತ್ತುತ್ತಿದ್ದಳು. ಹೀಗೆ ಕೂಗಿ ಕೂಗಿ ಆಕೆಯ ಹೆಸರೇ ಬಿಸಿನೀರಕ್ಕ ಎಂದಾಯಿತು. ಹತ್ತುವಾಗ ಸೊಂಟದಲ್ಲಿ ಏನೋ ಕಳಚಿದಂತೆ ಆಗುತ್ತಿತ್ತು. ಮೇಲೆ ಬಂದವಳೇ ಮೊದಲು ತನ್ನ ಮೊಣಕೈಯನ್ನು ನೀರಿಗೆ ಅದ್ದುವಳು. ಬೆರಳಿನ ತೊಗಲು ಬಿಸಿಗೆ ಒಗ್ಗಿ ಸುಳ್ಳು ಹೇಳುತ್ತದೆ, ಮೊಣಕೈ ಹೇಳುವುದಿಲ್ಲ.

ವೃದ್ಧರ ಆ ಮನೆಯ ಬಾಗಿಲಿಗೆ ಒಂದು ಬೋರ್ಡು: "ನುರಿತ ದಾದಿಯರಿಂದ ಹಗಲಿರುಳು ಆರೈಕೆ." ಬೋರ್ಡಿನ ಮೇಲೆ ನುರಿತವರಾಗಿದ್ದವರು ಬಾಗಿಲು ದಾಟಿದ ಕೂಡಲೇ ತರಬೇತಿಯವರಾಗುತ್ತಿದ್ದರು. ಬಿಸಿನೀರಕ್ಕನದು ಮೂರನೆಯ ವರ್ಷದ ತರಬೇತಿ. ಕಾಯಂ ಆದವರಿಗೆ ಒಂದೇ ಪಾಳಿ, ತರಬೇತಿಯವರಿಗೆ ಎರಡು. "ಕಲಿಯೋರಿಗೆ ಗಡಿಯಾರ ಇರಬಾರದು" ಎಂಬುದು ಮಾಲೀಕರ ಸಿದ್ಧಾಂತ. ಕಾಯಂ ಆಗಲು ವರ್ಷಕ್ಕೊಮ್ಮೆ ಸಾಮರ್ಥ್ಯ ಪರೀಕ್ಷೆ. ಬಿಸಿನೀರಕ್ಕ ಬಂದ ಮೇಲೆ ಯಾರೂ ಪಾಸಾಗಿರಲಿಲ್ಲ.

ಬಿಸಿನೀರಕ್ಕನ ಮನೆಯಲ್ಲಿ ಅತ್ತೆ ಕಾಲು ಮುರಿದುಕೊಂಡು ಮಲಗಿದ್ದಳು. ಎರಡು ಪಾಳಿ ಮುಗಿಸಿ ಬಾಗಿಲು ತಟ್ಟಿದರೆ, "ಊರಿಗೆಲ್ಲ ಸೊಸೆ, ನನಗೆ ಮಾತ್ರ ನೆಂಟಳು. ಬಾ, ಕೂತ್ಕೋ, ಏನು ತಗೋತೀಯ?" ಎಂದು ಕುಟುಕುವಳು. ಮಾತು ನಗೆಯದೇ. ಆದರೆ ಅತ್ತೆಯ ಹಿಮ್ಮಡಿಯಲ್ಲಿ ಒತ್ತಿದರೂ ಬಿಳಿಚಿಕೊಳ್ಳದ ಒಂದು ಕೆಂಪು ಕಲೆ ಕಾಣಿಸಿತ್ತು. ಅದು ಮಲಗಿದಲ್ಲೇ ಮಲಗಿದವರಿಗೆ ಏಳುವ ಹುಣ್ಣಿನ ಮೊದಲ ಗುರುತು ಎಂದು ಬಿಸಿನೀರಕ್ಕನಿಗೆ ಗೊತ್ತು. ಒಂದೇ ಪಾಳಿಯಾದರೆ ಮನೆಯಲ್ಲೂ ಮಗ್ಗುಲು ಬದಲಿಸಬಹುದು. ಈ ಸಲ ಪಾಸಾಗಲೇಬೇಕಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಹೊಸ ಹಾಸುಗಳು ಬಂದವು. ಕೈಗವಸಿನ ಡಬ್ಬಿಗಳು ಬೀರುವಿನಿಂದ ಹೊರಬಿದ್ದವು.

"ಇವತ್ತೊಂದು ದಿನ ನಾವೂ ನರ್ಸು" ಎಂದ ಪೈಲ್ವಾನ. ಕಡ್ಡಿಯಂಥ ಮೈ, ಆದರೆ ಮುದುಕರನ್ನು ಎತ್ತಿ ಕೂರಿಸುವ ಕೆಲಸ ಅವನದು.

"ಬಾಯಿ ಬಿಡು ಮಾರಾಯ ಈ ಸಲ. ಹೋದ ಸಲ ರೋಗಿ ಜತೆ ಮಾತಾಡಲಿಲ್ಲ ಅಂತ ತಾನೇ ನಿನ್ನ ಫೇಲ್ ಮಾಡಿದ್ದು?" ಎಂದಳು ಗಿಣಿ, ಮುದುಕರಿಗೆ ಉಣಿಸುವವಳು.

"ನಿನ್ನ ಫೇಲ್ ಮಾಡಿದ್ದು ಜಾಸ್ತಿ ಮಾತಾಡಿದೆ ಅಂತ. ನಿಂದು ಸ್ವಲ್ಪ ನನಗೆ ಸಾಲ ಕೊಡು."

"ನಮ್ಮ ಬಿಸಿನೀರಕ್ಕನ ಕತೆ ಕೇಳು. ಕೈಗವಸು ಹಾಕಲಿಲ್ಲ ಅಂತ ಫೇಲು. ಗವಸು ಇದ್ದ ಬೀರುವಿನ ಬೀಗದ ಕೈ ಮಾತ್ರ ಮ್ಯಾನೇಜರಮ್ಮನ ಸೊಂಟದಲ್ಲಿ."

ಪರೀಕ್ಷೆ ಮಾಡಲು ಹೊರಗಿನಿಂದ ಬಂದಾಕೆ ಚಿಕ್ಕ ವಯಸ್ಸಿನವಳು, ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ಕೆಟ್ಟವಳಲ್ಲ. ಬಂದ ಕೂಡಲೇ ಎಲ್ಲರಿಗೂ ನಮಸ್ಕಾರ ಹೇಳಿದಳು. ಯಾರು ಯಾವ ಮಂಚ ನೋಡಿಕೊಳ್ಳಬೇಕೆಂದು ಹಂಚಿದವಳು ಮ್ಯಾನೇಜರಮ್ಮ. ಬಿಸಿನೀರಕ್ಕನಿಗೆ ಸಾಕಜ್ಜನನ್ನು ಕೊಟ್ಟಳು.

ಸಾಕಜ್ಜ ಹಿಂದೆ ದರ್ಜಿ. ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಹೋದವು. ಎಡಗೈ ಈಗಲೂ ಹೊದಿಕೆಯ ಅಂಚನ್ನು ಮಡಿಸುತ್ತ, ಇಲ್ಲದ ಸೂಜಿಯಿಂದ ಹೊಲಿಯುತ್ತಿರುತ್ತದೆ. ಮಾತಿನ ಗಂಟಿನಲ್ಲಿ ಉಳಿದದ್ದು ಒಂದೇ ಚೂರು: "ಸಾಕು." ನೀರು ಬೇಕಾದರೂ ಸಾಕು, ನೋವಾದರೂ ಸಾಕು, ಮಗ್ಗುಲು ಬದಲಿಸಿ ಬೆನ್ನಿಗೆ ಗಾಳಿ ತಾಗಿದಾಗ ಹಾಯಾದರೂ ಸಾಕು. ಅದು ಯಾವ ಸಾಕು ಎಂದು ಬಿಸಿನೀರಕ್ಕ ಮುಖ ನೋಡಿ ಊಹಿಸುತ್ತಿದ್ದಳು. ಎಷ್ಟೋ ಸಲ ಊಹೆ ತಪ್ಪುತ್ತಿತ್ತು. ನೀರು ಹಿಡಿದರೆ ಅಜ್ಜ ತಲೆ ತಿರುಗಿಸುವನು. "ಆಯ್ತಪ್ಪ, ಇದಲ್ಲ, ಇನ್ನೊಂದು ಸಾಕು" ಎಂದು ಆಕೆ ನಕ್ಕರೆ ಅವನ ಅರ್ಧ ಬಾಯಿಯೂ ನಗುವುದು. ಇದು ಮಹಡಿಯಲ್ಲಿ ಎಲ್ಲರಿಗೂ ತಿಳಿದದ್ದೇ. ಮ್ಯಾನೇಜರಮ್ಮನಿಗೂ.

ಬಿಸಿನೀರಕ್ಕ ಗವಸು ತೊಟ್ಟು, ಪರದೆ ಎಳೆದು, ನೀರಿಗೆ ಮೊಣಕೈ ಅದ್ದಿ ಕೆಲಸ ಶುರುಮಾಡಿದಳು. ಮುಖ, ಕುತ್ತಿಗೆ, ಕಂಕುಳು. ನಿಧಾನವಾಗಿ ಎಡಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸಿದಳು.

"ಸಾಕು" ಎಂದ ಅಜ್ಜ, ಉಸಿರು ಬಿಟ್ಟು.

"ಹಾಯಾಗ್ತಿದೆಯಾ? ಇನ್ನೊಂದು ಚೂರು" ಎಂದು ಆಕೆ ಒರೆಸುತ್ತ ಹೋದಳು.

ಪರೀಕ್ಷಕಿಯ ಪೆನ್ನು ನಿಂತಿತು. ಬಾಗಿ ಕೇಳಿದಳು: "ಅಜ್ಜಾ, ಇವರು ನಿಮ್ಮನ್ನ ಚೆನ್ನಾಗಿ ನೋಡ್ಕೋತಾರಾ?"

"ಸಾಕು."

"ಏನಾದ್ರೂ ತೊಂದ್ರೆ ಇದ್ರೆ ಹೆದರದೆ ಹೇಳಿ."

"ಸಾಕು, ಸಾಕು."

ಪೆನ್ನು ಓಡಿತು. ಬಿಸಿನೀರಕ್ಕ ಒರೆಸುವ ಬಟ್ಟೆ ಕೆಳಗಿಟ್ಟಳು. "ಮೇಡಂ, ಅವರಿಗೆ ಇರೋದೇ ಅದೊಂದು ಮಾತು. ಎಲ್ಲಕ್ಕೂ ಅದನ್ನೇ ಅಂತಾರೆ. ನಮ್ಮ ಮ್ಯಾನೇಜರಮ್ಮನ್ನೇ ಕೇಳಿ."

ಪರೀಕ್ಷಕಿ ತಿರುಗಿದಳು. ಮ್ಯಾನೇಜರಮ್ಮ ಕಿಟಕಿಯ ಪರದೆಯ ನಿರಿಗೆ ಸರಿಮಾಡುತ್ತಿದ್ದಳು. "ಈ ಮುದುಕರು ಒಂದೊಂದು ಸಲ ಒಂದೊಂದು ಥರ ಮೇಡಂ. ನಾನು ಹೇಗೆ ಹೇಳ್ಲಿ?"

"ನೋಡಮ್ಮ" ಎಂದಳು ಪರೀಕ್ಷಕಿ, ಮೃದುವಾಗಿಯೇ. "ರೋಗಿ ಬೇಡ ಅಂದ ಮೇಲೆ ಕೈ ತೆಗೀಬೇಕು. ಅದು ಅವರ ಹಕ್ಕು. ಸಾಕು ಅಂದರೆ ಸಾಕು. ಅದಕ್ಕೆ ಬೇರೆ ಅರ್ಥ ಹಚ್ಚೋದು ನಮ್ಮ ಕೆಲಸ ಅಲ್ಲ."

ಇಷ್ಟು ಒಳ್ಳೆಯ ನಿಯಮ ತನ್ನ ಮೇಲೇ ಬಂದು ಬಿದ್ದದ್ದಕ್ಕೆ ಯಾರನ್ನು ಬೈಯುವುದೆಂದು ಬಿಸಿನೀರಕ್ಕನಿಗೆ ತಿಳಿಯಲಿಲ್ಲ. ಅಜ್ಜನ ಬೆನ್ನು ಇನ್ನೂ ಒದ್ದೆಯಿತ್ತು. ಅದನ್ನು ಒಣಗಿಸಲು ಕೈ ಚಾಚಿದಳು. ಅದಕ್ಕೂ ಒಂದು ಗೀಟು ಬಿತ್ತು.

ಮಧ್ಯಾಹ್ನ ಊಟದ ಕೋಣೆಯಲ್ಲಿ ಫಲಿತಾಂಶ. ಬಿಸಿನೀರಕ್ಕ ಫೇಲು. ಪೈಲ್ವಾನ ಬಾಯಿಪಾಠ ಮಾಡಿದಂತೆ ಮಾತಾಡಿದ್ದಕ್ಕೆ ಫೇಲು. ಗಿಣಿ ಹೆದರಿ ಬಾಯಿಯನ್ನೇ ಬಿಡದೆ ಫೇಲು. ಕೊನೆಗೆ ಪರೀಕ್ಷಕಿ ಎದ್ದು ಹೇಳಿದಳು: "ಬೇಜಾರು ಬೇಡ. ಆದ್ರೆ ಒಂದು ಮಾತು ನೆನಪಿರಲಿ. ಪಾಸಾಗದವರು ಒಬ್ಬರೇ ರೋಗಿಯ ಮೈ ಮುಟ್ಟೋ ಹಾಗಿಲ್ಲ. ಪಾಸಾದವರು ಪಕ್ಕದಲ್ಲೇ ನಿಂತಿರಬೇಕು. ಮುದುಕರ ಜೀವದ ಪ್ರಶ್ನೆ ಇದು."

ಮಾಲೀಕರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಪರೀಕ್ಷಕಿಯನ್ನು ಲಿಫ್ಟಿನಲ್ಲಿ ಇಳಿಸಿ, ಕಾರು ಹತ್ತಿಸಿ ಬಂದರು. ಮ್ಯಾನೇಜರಮ್ಮ ಕೈ ಕೊಡವಿದಳು. "ಸರಿ, ಹೋಗಿ ಹೋಗಿ. ಗಂಜಿ ಆರ್ತಿದೆ, ಇನ್ನೂ ಯಾರಿಗೂ ಮಗ್ಗುಲು ಬದಲಿಸಿಲ್ಲ."

ಮೂವರೂ ಕೆಳಗಿನಿಂದ ಗಂಜಿ ಹೊತ್ತು ಮೆಟ್ಟಿಲು ಹತ್ತಿದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಈ ಮನೆಯಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಎಂದು ಗಿಣಿ ಗೊಣಗಿದಳು. ಬಿಸಿನೀರಕ್ಕ ಮಹಡಿಯ ಬಾಗಿಲಲ್ಲಿ ನಿಂತುಬಿಟ್ಟಳು.

"ಏನಕ್ಕಾ?"

"ಪಾಸಾದೋರು ಯಾರಿದ್ದಾರೆ ನಮ್ಮಲ್ಲಿ?"

ಪೈಲ್ವಾನ ಯೋಚಿಸಿದ. "ಮ್ಯಾನೇಜರಮ್ಮ ಒಬ್ಬರೇ. ಯಾವ ಕಾಲದಲ್ಲೋ."

"ಹಾಗಾದ್ರೆ ಕರಿ. ಊಟ ಒಂದೂ ತಡ ಆಗಬಾರದು, ಯಾರೂ ಒದ್ದೆಯಲ್ಲಿ ಇರಬಾರದು. ಪ್ರತಿ ಮಂಚಕ್ಕೂ ಕರೀಬೇಕು. ನಾವು ಫೇಲಾದೋರು, ಇವರದು ಜೀವದ ಪ್ರಶ್ನೆ."

ಪೈಲ್ವಾನನ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು. ಗಿಣಿ ಆಗಲೇ ಗಂಟೆ ಒತ್ತಿದ್ದಳು.

ಮ್ಯಾನೇಜರಮ್ಮ ಬಂದಳು. ಮೊದಲ ಮಂಚದ ಪಕ್ಕ ನಿಂತಳು. ಎರಡನೆಯದಕ್ಕೆ ಓಡಿದಳು. ಗಿಣಿ ಈ ತುದಿಯಿಂದ "ಮೇಡಂ, ಚಮಚ ಬಾಯಿಗಿಡಲಾ?" ಎಂದರೆ ಪೈಲ್ವಾನ ಆ ತುದಿಯಿಂದ "ಮೇಡಂ, ಎತ್ತಲಾ? ನೀವು ಆ ಕಡೆ ಹಿಡೀರಿ" ಎನ್ನುವನು. ಅವಳ ಎತ್ತರದ ಚಪ್ಪಲಿ ಯಾವುದೋ ಮಂಚದಡಿ ಸೇರಿತು. ಯಾವ ಮುದುಕಿಯೂ ಹಸಿದಿರಲಿಲ್ಲ, ಯಾವ ಹಾಸೂ ಒದ್ದೆಯಿರಲಿಲ್ಲ. ಬೆವರಿದ್ದವಳು ಮ್ಯಾನೇಜರಮ್ಮ ಒಬ್ಬಳೇ. ಬಿಸಿನೀರು ಬೇಕಾದಾಗ ಬಿಸಿನೀರಕ್ಕ ಎರಡನೆಯ ಬಕೆಟ್ಟನ್ನು ಅವಳ ಕೈಗೆ ಕೊಟ್ಟು ಮೆಟ್ಟಿಲು ತೋರಿಸಿದಳು.

ಗದ್ದಲ ಕೇಳಿ ಮಾಲೀಕರು ಬಂದರು. ಅವರ ಬೆನ್ನಿಗೇ, ತಾಯಿಯನ್ನು ನೋಡಲು ಬಂದ ಒಬ್ಬ ಮಗ ಲಿಫ್ಟಿನಿಂದ ಇಳಿದ.

"ಏನಿದು, ಮುಷ್ಕರಾನಾ?" ಮಾಲೀಕರು ಹಲ್ಲು ಕಚ್ಚಿ ಕೇಳಿದರು.

"ಅಯ್ಯೋ, ಎಲ್ಲಾದ್ರೂ ಉಂಟಾ ಸರ್" ಎಂದಳು ಗಿಣಿ. "ಶಿಸ್ತು. ಫೇಲಾದೋರು ಒಬ್ಬರೇ ಮುಟ್ಟಬಾರದಂತೆ. ನೀವೇ ಚಪ್ಪಾಳೆ ಹೊಡೆದ್ರಲ್ಲ."

"ಇವರೆಲ್ಲ ಫೇಲಾದೋರಾ?" ಎಂದ ಆ ಮಗ. "ಕೆಳಗೆ ನುರಿತ ದಾದಿಯರು ಅಂತ ಬರೆದಿದೆಯಲ್ಲ?"

ಮಾಲೀಕರು ಅಂಗಿಯ ಕಾಲರು ಸರಿಮಾಡಿಕೊಂಡರು. "ಅದು... ತಾಂತ್ರಿಕವಾಗಿ..."

ಸಾಕಜ್ಜ ಗಂಟಲೊಳಗೇ "ಸಾಕು" ಎಂದ. ಬಿಸಿನೀರಕ್ಕನ ಕೈ ತಾನಾಗಿ ಲೋಟಕ್ಕೆ ಹೋಯಿತು. "ಮೇಡಂ, ನೀವೂ ಹಿಡೀರಿ" ಎಂದಳು. ನಾಲ್ಕು ಕೈಗಳು ಹಿಡಿದ ಲೋಟದಿಂದ ಅಜ್ಜ ನೀರು ಕುಡಿದ. ಅವನ ಎಡಗೈ ಮ್ಯಾನೇಜರಮ್ಮನ ರವಿಕೆಯ ತೋಳಿನ ಅಂಚನ್ನು ಹಿಡಿದು ಎರಡು ಹೊಲಿಗೆ ಹಾಕಿತು. ಆಮೇಲೆ ಅವನು ಮಾಲೀಕರ ಕಡೆ ಮುಖ ತಿರುಗಿಸಿ, ಯಾವತ್ತೂ ಇಲ್ಲದ ಸ್ಪಷ್ಟತೆಯಲ್ಲಿ ಹೇಳಿದ:

"ಸಾಕು."

ಮ್ಯಾನೇಜರಮ್ಮ ಲೋಟದಿಂದ ಕೈ ತೆಗೆದಳು.

"ಏನಂತೆ ಅವರಿಗೆ?" ಎಂದರು ಮಾಲೀಕರು. ಎಲ್ಲರೂ ಬಿಸಿನೀರಕ್ಕನನ್ನು ನೋಡಿದರು.

ಆಕೆ ಅಜ್ಜನ ಬಾಯಿ ಒರೆಸಿ, ಲೋಟ ಕೆಳಗಿಟ್ಟಳು.

"ನಂಗೆ ಹೇಗೆ ಗೊತ್ತಾಗುತ್ತೆ ಸರ್? ನಾನು ಫೇಲು. ಪರೀಕ್ಷೆಯ ಮೇಡಂ ಹೇಳಿದ್ದಾರಲ್ಲ, ಸಾಕು ಅಂದರೆ ಸಾಕು."

ಆ ತುದಿಯ ಮಂಚದಿಂದ ಗಂಟೆ ಕೇಳಿಸಿತು. ಮೂವರೂ ಗವಸು ತೊಟ್ಟ ಕೈಗಳನ್ನು ಮುಂದಕ್ಕೆ ಹಿಡಿದು, ಮ್ಯಾನೇಜರಮ್ಮನಿಗಾಗಿ ಕಾದರು.