ಹಿತ್ತಿಲಿಗೆ ತಿರುಗಿಸಿದ ಪೈಪು

ಚಳಿಗೆ ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡು ಮಲಗಿದ್ದ ಲಾಂಡ್ರಿ ಅಕ್ಕನಿಗೆ ನಡುರಾತ್ರಿ ಹಿತ್ತಿಲ ಕಡೆಯಿಂದ ಒಂದು ಸಣ್ಣ ಸದ್ದು ಕೇಳಿಸಿತು. ಯಾರೋ ಚೀಲದಿಂದ ಕಾಳು ಸುರಿದ ಹಾಗೆ ಸರಸರ ಸದ್ದು. ಆಮೇಲೆ ಏನೂ ಇಲ್ಲ. ಗಂಡನನ್ನು ಅಲುಗಿಸಿದರೆ ಅವನು, “ಬೆಕ್ಕಿರಬೇಕು, ಮಲಕ್ಕೋ” ಎಂದು ಮಗ್ಗುಲು ಬದಲಿಸಿದ. ಬೆಕ್ಕಲ್ಲವೆಂದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆ ನೋಡಿದರೆ ಪಕ್ಕದ ಮನೆಯ ಟೈಲರಮ್ಮನ ಹೊಲಿಗೆ ಕೋಣೆಯ ಒಂದು ಮೂಲೆಯ ಕೆಳಗೆ ಮಣ್ಣೇ ಇರಲಿಲ್ಲ. ಆ ಸಾಲಿನ ಮನೆಗಳೆಲ್ಲ ಸಮುದ್ರಕ್ಕೆ ಬೆನ್ನು ಮಾಡಿ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತವು. ದಿಬ್ಬ ಅಷ್ಟಿಷ್ಟು ಕುಸಿಯುವುದು ಹೊಸದಲ್ಲ. ಆದರೆ ಗೋಡೆಯ ಬುಡ ಗಾಳಿಯಲ್ಲಿ ನಿಂತದ್ದನ್ನು ಯಾರೂ ನೋಡಿರಲಿಲ್ಲ. ನೆರೆಹೊರೆಯವರು ಸೇರಿ ಸಮುದ್ರಕ್ಕೆ ಬೈದರು. ಎಲ್ಲರಿಗಿಂತ ಜೋರಾಗಿ ಬೈದವಳು ಲಾಂಡ್ರಿ ಅಕ್ಕನೇ. “ಈ ಹಾಳು ಸಮುದ್ರಕ್ಕೆ ಎಷ್ಟು ತಿಂದರೂ ಹೊಟ್ಟೆ ತುಂಬಲ್ಲ” ಎಂದಳು. ಹೊಲಿಗೆ ಮಿಷನ್ನನ್ನು ತಾನೂ ಒಂದು ಕಡೆ ಹಿಡಿದು ಎತ್ತಿ ತನ್ನ ಮನೆಯ ಜಗಲಿಯಲ್ಲಿ ಇಡಿಸಿದಳು. ನೀನೊಬ್ಬಳು ಇದ್ದೀಯಲ್ಲ, ಅಷ್ಟು ಸಾಕು ಎಂದು ಟೈಲರಮ್ಮ ಅವಳ ಕೈ ಹಿಡಿದುಕೊಂಡರು. ಆ ಕೈಯನ್ನು ಬಿಡಿಸಿಕೊಳ್ಳುವುದು ಹೇಗೆಂದು ಅವಳಿಗೆ ತೋಚಲಿಲ್ಲ.

ಯಾಕೆಂದರೆ ಅವಳ ಮನಸ್ಸಿನಲ್ಲಿ ಒಂದು ಅಳುಕಿತ್ತು. ಊರಿನ ಲಾಡ್ಜುಗಳ ಬೆಡ್‌ಶೀಟು, ಟವೆಲು ಒಗೆದುಕೊಡುವುದು ಅವಳ ಕೆಲಸ. ಎರಡು ಮಿಷನ್ನುಗಳು ಬೆಳಗಿನಿಂದ ಸಂಜೆಯವರೆಗೆ ತಿರುಗುತ್ತವೆ. ಆ ನೀರು ಮೊದಲು ಬೀದಿಯ ಚರಂಡಿಗೆ ಹೋಗುತ್ತಿತ್ತು. ಚರಂಡಿ ಪದೇ ಪದೇ ಕಟ್ಟಿಕೊಂಡು ಬಾಗಿಲ ಮುಂದೆ ನೊರೆ ನಿಲ್ಲತೊಡಗಿತು. ಬಟ್ಟೆ ಒಯ್ಯಲು ಬಂದ ಲಾಡ್ಜಿನವರು ಮೂಗು ಮುಚ್ಚಿಕೊಂಡರು. ಆಗ ಗಂಡ ಹೆಂಡತಿ ಸೇರಿ ಪೈಪನ್ನು ಹಿತ್ತಿಲಿಗೆ ತಿರುಗಿಸಿದ್ದರು. ಹೇಗೂ ಕೆಳಗೆ ಸಮುದ್ರ, ನೀರು ನೀರಿಗೆ ಸೇರುತ್ತದೆ, ಯಾರಿಗೇನು ತೊಂದರೆ ಅಂದುಕೊಂಡಿದ್ದರು. ಇಳಿಜಾರು ಟೈಲರಮ್ಮನ ಕೋಣೆಯ ಕಡೆಗಿದೆ ಎಂಬುದನ್ನು ನೋಡಿಯೂ ನೋಡದ ಹಾಗೆ ಇದ್ದುಬಿಟ್ಟಿದ್ದರು.

ಮರುದಿನ ಗಂಡನ ತಂಗಿ ಬಂದಳು. ದಡ ಕಾಯುವ ಸಂಘದಲ್ಲಿ ಓಡಾಡುವವಳು, ಮಾತು ಚುರುಕು. ಜಗಲಿ ನೋಡಿ, “ಏನತ್ತಿಗೆ, ಒಗೆಯೋದು ಸಾಲದು ಅಂತ ಹೊಲಿಯೋದಕ್ಕೂ ಕೈ ಹಾಕಿದ್ರಾ?” ಎಂದು ನಕ್ಕಳು. ನಡೆದದ್ದು ಕೇಳಿದ ಮೇಲೆ ನಗಲಿಲ್ಲ.

“ಎಲ್ಲಾ ಸಮುದ್ರದ ಕಾಟ” ಎಂದಳು ಲಾಂಡ್ರಿ ಅಕ್ಕ.

“ಈ ಚಳಿಗಾಲದಲ್ಲಾ? ಸಮುದ್ರ ಮಲಗಿದ ಎಮ್ಮೆ ಥರ ಬಿದ್ಕೊಂಡಿದೆ. ಬನ್ನಿ, ಕೆಳಗಿಂದ ನೋಡೋಣ.”

ದಿಬ್ಬದ ಬುಡಕ್ಕೆ ಹೋಗದೆ ಇಬ್ಬರೂ ಮರಳಿನಲ್ಲಿ ದೂರ ನಿಂತು ನೋಡಿದರು. ಬುಡದ ಮರಳು ಒಣಗಿತ್ತು, ಬಳ್ಳಿ ಹಾಗೇ ಹಬ್ಬಿಕೊಂಡಿತ್ತು, ಅಲೆ ಬಡಿದ ಗುರುತೇ ಇರಲಿಲ್ಲ. ಒದ್ದೆಯಾಗಿದ್ದದ್ದು ಮೇಲ್ಭಾಗ. ಅಷ್ಟು ದೂರ ಉರುಳಿ ಬಂದಿದ್ದ ಒಂದು ಹೆಂಟೆಯನ್ನು ನಾದಿನಿ ಎತ್ತಿಕೊಟ್ಟಳು. ಹಿಸುಕಿದರೆ ನೀರು ಜಿನುಗಿತು. ತನ್ನದೇ ಸೋಪಿನ ಪುಡಿಯ ವಾಸನೆ ಲಾಂಡ್ರಿ ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೇ? ಹೆಂಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

ನಾದಿನಿ ದನಿ ಏರಿಸದೆ ತಿಳಿಸಿ ಹೇಳಿದಳು. ಬಿರುಗಾಳಿ ಬಂದಾಗ ಸಮುದ್ರ ಕೆಳಗಿನಿಂದ ಕೊರೆಯುವುದು ನಿಜ. ಆದರೆ ಮೇಲಿನಿಂದ ದಿನವೂ ನೀರು ಇಳಿದರೆ ಮಣ್ಣು ಭಾರವಾಗಿ, ಹಿಡಿತ ತಪ್ಪಿ, ತಾನಾಗಿಯೇ ಜಾರುತ್ತದೆ. ಬಟ್ಟೆಯ ನೀರಾಗಲಿ, ಬಚ್ಚಲ ನೀರಾಗಲಿ, ಮಾಡಿನಿಂದ ಬಿದ್ದ ನೀರಾಗಲಿ, ಎಲ್ಲ ಒಂದೇ. ಅಂಚಿನ ಹತ್ತಿರ ಇಂಗುಗುಂಡಿ ತೋಡಿದರೂ ಅದೇ ಕಥೆ.

“ಇಷ್ಟು ದೊಡ್ಡ ದಿಬ್ಬ ನನ್ನ ಎರಡು ಮಿಷನ್ ನೀರಿಗೆ ಬೀಳುತ್ತಾ?” ದನಿಯಲ್ಲಿ ಜಗಳವಿತ್ತು. ಕಣ್ಣು ಮಾತ್ರ ನೆಲ ಬಿಟ್ಟು ಏಳಲಿಲ್ಲ.

“ಅನುಮಾನ ಇದ್ರೆ ನೀರು ನಿಲ್ಲಿಸಿ ನೋಡಿ. ಸುಳ್ಳಾದ್ರೆ ನನ್ನ ಕಿವಿ ಹಿಂಡಿ.”

ಅಂದಿನಿಂದ ಗಂಡ ಹೆಂಡತಿ ಕಟ್ಟಿಕೊಂಡ ಬೀದಿಯ ಚರಂಡಿಯನ್ನು ಕೋಲಿನಿಂದ ಬಿಡಿಸಿಕೊಂಡು, ಒಗೆದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಅದಕ್ಕೆ ಸುರಿದರು. ಸೊಂಟ ಬಿದ್ದುಹೋಯಿತು. ತಂಗಿಯ ಮಾತು ಕೇಳಿ ಕೆಟ್ಟೆ ಎಂದು ಗಂಡ ಗೊಣಗಿದ. ಆದರೆ ದಿನ ಕಳೆದಂತೆ ದಿಬ್ಬದ ಮೇಲ್ಭಾಗ ಒಣಗಿತು, ಮಣ್ಣು ಉದುರುವುದು ನಿಂತಿತು. ಅದನ್ನು ನೋಡಿದವನು ತಾನೇ ಪುರಸಭೆಗೆ ಹೋಗಿ, ಚರಂಡಿಯ ಹೂಳು ತೆಗೆಸಿ, ಪೈಪನ್ನು ಮತ್ತೆ ಮುಂದಕ್ಕೆ ತಿರುಗಿಸಿದ.

ಟೈಲರಮ್ಮನ ಕೋಣೆ ಮಾತ್ರ ಮತ್ತೆ ಬಳಕೆಗೆ ಬರಲಿಲ್ಲ. ಅವರು ಇವಳ ಜಗಲಿಯಲ್ಲೇ ಹೊಲಿಯುತ್ತ, ಬಂದ ಗಿರಾಕಿಗಳಿಗೆಲ್ಲ ನೆರೆಯವರೆಂದರೆ ಹೀಗಿರಬೇಕು ಎಂದು ಇವಳನ್ನು ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಇವಳು ಏನೋ ನೆಪ ತೆಗೆದು ಒಳಗೆ ಹೋಗುವಳು. ಕೊನೆಗೆ ತಡೆಯಲಾರದೆ ಒಂದು ಮಧ್ಯಾಹ್ನ ಮಿಷನ್ನಿನ ಪಕ್ಕ ಕೂತು ಎಲ್ಲವನ್ನೂ ಹೇಳಿದಳು.

ಮಿಷನ್ ತುಳಿಯುತ್ತಿದ್ದ ಟೈಲರಮ್ಮನ ಕಾಲು ನಿಂತಿತು. ಸೂಜಿಯ ಕೆಳಗಿನ ಬಟ್ಟೆಯನ್ನು ಹೊರಗೆಳೆದು ದಾರ ಕತ್ತರಿಸಿದರು.

“ಈಗ ತಿರುಗಿಸಿದ್ಯಾ?”

“ತಿರುಗಿಸಿದ್ವಿ, ಅಮ್ಮ.”

“ಆ ಕೋಣೆ ನಮ್ಮ ಯಜಮಾನ್ರು ಕೈಯಾರೆ ಕಟ್ಟಿದ್ದು ಕಣೇ.”

ಅಷ್ಟೇ ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನುವ ಹಾಗೆ ಲಾಂಡ್ರಿ ಅಕ್ಕ ಕೂತಿದ್ದಳು. ಅಷ್ಟರಲ್ಲಿ ಆಚೆ ಬದಿಯ ಮನೆಯಾಕೆ ರವಿಕೆಯ ಅಳತೆ ಕೊಡಲು ಬಂದಳು. ಅಂತೂ ಕೋಣೆಯನ್ನು ಸಮುದ್ರ ತಿಂದೇಬಿಟ್ಟಿತಲ್ಲ ಎಂದು ಲೊಚಗುಟ್ಟಿದಳು.

“ಸಮುದ್ರ ಅಲ್ಲಮ್ಮ, ಮನೆ ನೀರು ಇಳಿದು ಕುಸೀತು” ಎಂದರು ಟೈಲರಮ್ಮ. “ನಿಮ್ಮ ಹಿತ್ತಿಲಲ್ಲೂ ಪೈಪಿದ್ರೆ ಬೀದಿ ಕಡೆಗೆ ತಿರುಗಿಸ್ಕೊಳ್ಳಿ.”

“ಅಯ್ಯೋ, ಯಾರ ಮನೆ ನೀರು?”

“ಕೈ ಎತ್ತಿ, ಅಳತೆ ತಗೋತೀನಿ.”

ಓದುತ್ತಿರುವವರೇ, ನಿಮ್ಮ ಮನೆಯೂ ದಡದ ಅಂಚಿನಲ್ಲಿದ್ದರೆ ಇವತ್ತೇ ಹಿತ್ತಿಲಿಗೆ ಹೋಗಿ, ನಿಮ್ಮ ನೀರು ಎಲ್ಲಿ ಬೀಳುತ್ತಿದೆ ನೋಡಿ. ಅಂಚಿನ ಕಡೆಗಿದ್ದರೆ ಚರಂಡಿಗೆ ತಿರುಗಿಸಿ. ಅಲ್ಲಿ ಹಬ್ಬಿದ ಹುಲ್ಲು, ಬಳ್ಳಿಯನ್ನು ಕೀಳಬೇಡಿ. ನೆಲ ಬಿರುಕು ಬಿಟ್ಟರೆ ದೂರ ಸರಿದು ಪುರಸಭೆಗೆ ತಿಳಿಸಿ. ಮಾಡಿದ ತಪ್ಪಿಗೆ ನಾಚಿಕೆಪಟ್ಟು ಮುಚ್ಚಿಡುತ್ತ ಕೂತರೆ ನೀರು ಹರಿಯುತ್ತಲೇ ಇರುತ್ತದೆ. ತಿರುಗಿಸಿದ ಮೇಲೆ ನಿಮ್ಮನ್ನು ಯಾರೂ ಬೀದಿಗೆ ಎಳೆಯಬೇಕಾಗಿಲ್ಲ. ಟೈಲರಮ್ಮನೂ ಎಳೆಯಲಿಲ್ಲ. ಅದು ಯಾರ ಮನೆಯ ನೀರೆಂದು ತಾವಿರುವವರೆಗೆ ಯಾರಿಗೂ ಹೇಳಕೂಡದೆಂದು, ಟೇಪು ಹಿಡಿದು ನಿಂತಾಗಲೇ ಅವರು ತೀರ್ಮಾನಿಸಿದ್ದರು.