ತಾರೀಖಿಲ್ಲದ ನೋರಾ

"ಏ ಲಿದಿಯಾ, ನಿನ್ನ ನೋರಾನ ಕೆಲಸದಿಂದ ಕಿತ್ತಾಕಿದ್ರು ಕಣೇ!"

ಅಮ್ಮ ಬಾಗಿಲಲ್ಲೇ ನಿಂತು ಕೂಗಿದಳು. ಮೈಯೆಲ್ಲ ಬ್ಲೀಚಿನ ವಾಸನೆ, ಬೆರಳ ಸಂದಿಗಳು ಬಿರಿದಿದ್ದವು. ಮುಖದಲ್ಲಿ ಮಾತ್ರ ತಡೆಯಲಾಗದ ನಗು.

"ಯಾವ ನೋರಾ?"

"ಇನ್ಯಾವಳು? ನೀನು ಹೆತ್ತವಳು!"

ಹೆತ್ತದ್ದು ನಿಜ, ಫೋನಿನಲ್ಲಿ. 'ನೂರಿಪ್ಪತ್ತು ವರ್ಷದ ಹಿಂದೆ ನಮ್ಮೂರು ಫಾಲ್ ರಿವರಿನ ಬಟ್ಟೆ ಗಿರಣಿಯಲ್ಲಿ ದುಡಿದ ಹುಡುಗಿ ನೀವೇ ಅಂದುಕೊಂಡು ಮನೆಗೆ ಕಾಗದ ಬರೆಯಿರಿ' ಎಂದಿದ್ದರು ಶಾಲೆಯಲ್ಲಿ ಇತಿಹಾಸದ ಮಿಸ್ ಡೂಲಿ. ನಾನು ನೋರಾ ಆದೆ. 'ಅಕ್ಕಾ, ಇಲ್ಲಿಯ ಗಡಿಯಾರಕ್ಕೆ ಬೆಳಿಗ್ಗೆ ಕುದುರೆ ಕಾಲು, ಸಂಜೆ ಕುಂಟು ಕಾಲು. ಧಣಿ ಮುಳ್ಳು ತಿರುಗಿಸಿ ನಮ್ಮ ಹೊತ್ತು ಕದಿಯುತ್ತಾನೆ' ಎಂದು ಬರೆದೆ. ತಾರೀಖು ಹಾಕುವುದನ್ನೇ ಮರೆತೆ.

"ತಾರೀಖಿಲ್ಲದ್ದು ಇತಿಹಾಸ ಆಗಲ್ಲ ಪುಟ್ಟಿ," ಎಂದು ಮಿಸ್ ಅಂಕ ಕಳೆದರು.

ಗೆಳತಿಯರಿಗೆ ಓದಿ ಹೇಳಲು ಅಮ್ಮ ನಿನ್ನೆ ಅದರ ಪ್ರಿಂಟನ್ನು ತಾನು ಕೆಲಸ ಮಾಡುವ ಲಾಂಡ್ರಿಗೆ ಒಯ್ದಿದ್ದಳು. ಹಳೆಯ ಗಿರಣಿಯ ಅದೇ ಕಲ್ಲು ಕಟ್ಟಡದಲ್ಲಿ ಈಗ ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುತ್ತಾರೆ. ಓದಿ, ನಕ್ಕು, ಮೇಜಿನ ಮೇಲೆ ಮರೆತುಬಂದಳು. ಇವತ್ತು ಅದು ಮ್ಯಾನೇಜರ್ ಕ್ರೇನ್ ಕೈಗೆ ಸಿಕ್ಕಿತ್ತು.

"'ಯಾವಳು ನೋರಾ? ನಾಳೆಯಿಂದ ಅವಳಿಗೆ ಕೆಲಸ ಇಲ್ಲ' ಅಂತ ಅರಚಿದ."

"ಆ ಹೆಸರಿನೋರೇ ಇಲ್ಲ ಅಂತ ಅವನಿಗೆ ಗೊತ್ತಿಲ್ವಾ?"

"ಹೇಗ್ ಗೊತ್ತಾಗ್ಬೇಕು? ನಮ್ಮನ್ನೆಲ್ಲ 'ಮರಿಯಾ' ಅಂತಾನೇ ಕರೀತಾನಲ್ಲ! ದೆಯೋಲಿಂಡಾ, 'ಪಾಯಿಖಾನೇಲಿದಾಳೆ ಸಾರ್' ಅಂದ್ಲು. ಪುಣ್ಯಾತ್ಮ ಹೋಗಿ ಬಾಗಿಲ ಹೊರಗೆ ಕಾದ!"

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅಮ್ಮ ಸೆರಗಿಲ್ಲದ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

"ನಾಳೆ ಅವಳನ್ನ ತಂದು ನಿಲ್ಲಿಸ್ದೇ ಇದ್ರೆ ನನ್ನೇ ತೆಗೀತಾನಂತೆ. ಕಾಗದ ಸಿಕ್ಕಿದ್ದು ನನ್ನ ಮೇಜಿನ ಮೇಲೆ."

"ಅಯ್ಯೋ, ಶಾಲೇದು, ಹಳೇ ಕಾಲದ್ದು ಅಂತ ಹೇಳ್ಬಿಡಮ್ಮ!"

"ಹೇಳೋಳಿದ್ದೆ. ಹಳೇ ಕಾಲದ್ದಕ್ಕೆ ಇವನ್ಯಾಕೆ ಹಾಗೆ ಬೆವರಿದ?"

ಅಷ್ಟರಲ್ಲಿ ಮಹಡಿ ಮನೆಯ ದೆಯೋಲಿಂಡಾ ಅತ್ತೆಯೇ ದಡದಡ ಇಳಿದು ಬಂದಳು. ಲಾಂಡ್ರಿಯಲ್ಲಿ ಎಲ್ಲರ ಫೋನನ್ನೂ ಬಾಗಿಲಲ್ಲೇ ಪೆಟ್ಟಿಗೆಗೆ ಹಾಕಿಸಿ ಬೀಗ ಹಾಕುತ್ತಾರೆ.

"ನಿನ್ನ ಕಾಗದ ಕೇಳಿದಾಗಿಂದ ತಲೇಲಿ ಹುಳ ಕಣೇ. ಇವತ್ತು ಕಾಲುಚೀಲದಲ್ಲಿ ಫೋನ್ ಬಚ್ಚಿಟ್ಕೊಂಡು ಹೋದೆ. ನೋಡಿಲ್ಲಿ."

ಫೋಟೋದಲ್ಲಿ ಗೋಡೆ ಗಡಿಯಾರ ಐದು ತೋರಿಸುತ್ತಿತ್ತು. ಫೋನಿನ ಪ್ರಕಾರ ಫೋಟೋ ತೆಗೆದ ಹೊತ್ತು ಐದೂಕಾಲು.

"ಹಾಳಾದವನೇ!" ಅಮ್ಮ ಫೋನ್ ಕಸಿದುಕೊಂಡು ನೋಡಿದಳು. "ಬಟ್ಟೆ ಬದಲಿಸಿ ಫೋನ್ ಇಸ್ಕೊಳ್ಳೋದ್ರಲ್ಲಿ ಹೊರಗ್ ಬರೋಕೆ ತಡ ಆಗತ್ತೆ ಅಂದ್ಕೊಂಡಿದ್ವಲ್ಲೇ!"

"ನಾಳೆ ಯಾರೂ ಫೋನ್ ಕೊಡಲ್ಲ. ಎಲ್ರಿಗೂ ಹೇಳಿ ಬಂದಿದೀನಿ. ಅವನು ನೋರಾ ಅಂದ್ರೆ ಎಲ್ರೂ ಓ ಅನ್ನೋದು."

"ಮರಿಯಾ ಅಂದ್ರೆ?"

"ಕಿವುಡು!"

ನಾನು ಫೋನಿನಲ್ಲಿ ನೋರಾಳ ಕಾಗದ ತೆರೆದು, ಮೇಲೆ ತಾರೀಖು ಹಾಕಿದೆ. ನಾಳೆಯದು.

"ಹಾಗಾದ್ರೆ ಏಳಕ್ಕೆ, ಗಡಿಯಾರದ ಕೆಳಗೆ," ಅಂದಳು ಅತ್ತೆ.

"ಯಾರ ಏಳಕ್ಕೆ?" ಅಮ್ಮ ಕೇಳಿದಳು.

"ಇಗರ್ಜಿ ಗಂಟೆಯ ಏಳಕ್ಕೆ."