ಉಣಕಲ್ಲಿನಲ್ಲಿ ಮುಗ್ಗರಿಸುವ ಕಾರುಗಳು

ನಮ್ಮ ಮೂರು ಕಾರುಗಳಿಗೆ ಒಂದಕ್ಕೊಂದು ಮಾತಾಡಿಕೊಳ್ಳುವ ಯಂತ್ರ ಕೂಡಿಸಿದ್ದೆವು. ಮುಂದಿನದು ಬ್ರೇಕ್ ಒತ್ತಿದರೆ ಹಿಂದಿನ ಎರಡಕ್ಕೂ ಸುದ್ದಿ ಮುಟ್ಟಿ ಅವೂ ತಾವೇ ನಿಧಾನವಾಗಬೇಕು. ಇದರಿಂದ ಹುಬ್ಬಳ್ಳಿ-ಧಾರವಾಡ ರಸ್ತೆಯ ಗದ್ದಲ ತಗ್ಗುತ್ತದೋ ಹೆಚ್ಚುತ್ತದೋ ನೋಡುವುದೇ ನನ್ನ ಪಿಎಚ್‌ಡಿ. ಎಲ್ಲ ಕಡೆ ಚೆನ್ನಾಗಿಯೇ ಓಡುತ್ತಿದ್ದವು. ಉಣಕಲ್ ಬಂತೆಂದರೆ ಮಾತ್ರ, ಎದುರಿಗೆ ಒಂದು ನಾಯಿಯೂ ಅಡ್ಡ ಬರದಿದ್ದರೂ, ಮೂರೂ ಗಕ್ಕನೆ ನಿಧಾನವಾಗಿ ಮುಗ್ಗರಿಸುತ್ತಿದ್ದವು. ಹಿಂದಿನ ಆಟೋದವರು ಹಾರ್ನ್ ಬಾರಿಸಿ ನಮ್ಮ ವಂಶವನ್ನೆಲ್ಲ ನೆನೆಯುತ್ತಿದ್ದರು.

ಮುಂದಿನ ಕಾರು ಓಡಿಸುವವರು ನಮ್ಮ ಗೈಡ್ ಬಿಂದುಮಾಧವ ಸರ್. ಸ್ಟೇರಿಂಗ್ ಇನ್ನೊಬ್ಬರಿಗೆ ಬಿಟ್ಟುಕೊಡುವ ಆಸಾಮಿಯಲ್ಲ.

"ಸರ್, ನೀವ ಬ್ರೇಕ್ ಒತ್ತಾಕತ್ತೀರೇನ್ರಿ?" ಎಂದು ಒಮ್ಮೆ ಕೇಳಿದ್ದೆ. ಬ್ರೇಕಿನ ಸುದ್ದಿ ಕಾಲಿನಿಂದ ಬಂತೋ ಯಂತ್ರ ತಾನೇ ಕಳಿಸಿತೋ ಲ್ಯಾಪ್‌ಟಾಪಿನಲ್ಲಿ ತಿಳಿಯುತ್ತಿರಲಿಲ್ಲ.

"ನಾ ಯಾಕ ಒತ್ತಲಿ, ಸುಜಾತಾ? ನಿನ್ನ ಯಂತ್ರಕ್ಕ ಹುಚ್ಚು ಹಿಡದದ."

ಅಂದು ಕೊನೆಯ ಸುತ್ತು. ಮತ್ತೆ ಮುಗ್ಗರಿಸಿದರೆ ಯಂತ್ರ ಊರಿಗೆ ನಿರುಪಯೋಗಿ ಎಂದು ವರದಿಯಲ್ಲಿ ಬರೆಯುವುದಾಗಿ ಸರ್ ಹೇಳಿಬಿಟ್ಟಿದ್ದರು. ಅಲ್ಲಿಗೆ ನನ್ನ ದುಡಿತವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸಿಟ್ಟು, ಹೆದರಿಕೆ ಎರಡೂ ಇದ್ದವು. ಯಾವಾಗಲೂ ಕೊನೆಯ ಕಾರಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವವಳು, ಅದನ್ನು ಜೂನಿಯರ್ ಫಕೀರೇಶನಿಗೆ ಕೊಟ್ಟು ಸರ್ ಪಕ್ಕದಲ್ಲೇ ಹೋಗಿ ಕೂತೆ.

ಉಣಕಲ್ ಬಂತು. ಪರೀಕ್ಷೆಯ ಪೇಪರಿನ ಬಗ್ಗೆ ಮಾತಾಡುತ್ತಲೇ ಸರ್ ಒಂದು ಕೈಯನ್ನು ಎದೆಗೆ, ಹಣೆಗೆ ಮುಟ್ಟಿಸಿಕೊಂಡರು. ಎಡಕ್ಕೆ ಹನುಮಪ್ಪನ ಗುಡಿ. ಕೆಳಗೆ ಕಾಲು ಬ್ರೇಕಿನ ಮೇಲಿತ್ತು. ಮರುಕ್ಷಣ ಮಾತು ಬಿಟ್ಟಲ್ಲಿಂದಲೇ ಮುಂದುವರಿಯಿತು.

"ಅಕ್ಕಾ, ಮತ್ತ ಮುಗ್ಗರಿಸಿದ್ವು!" ಫೋನಿನಲ್ಲಿ ಫಕೀರೇಶ ಕೂಗಿದ.

"ಸರ್, ಹನುಮಪ್ಪಗ ಕೈ ಮುಗದ್ರಿ. ಬ್ರೇಕೂ ಒತ್ತಿದ್ರಿ!"

ಅವರು ಕಾರನ್ನು ಬದಿಗೆ ನಿಲ್ಲಿಸಿ ತಮ್ಮ ಕಾಲನ್ನೇ ನೋಡಿಕೊಂಡರು. "ಖರೇನ?"

"ಖರೇ ರೀ."

ನಮ್ಮದು ಬುದ್ಧನ ಫೋಟೋ ಇಟ್ಟುಕೊಂಡ ಮನೆ; ಗುಡಿಗೆ ಕೈ ಮುಗಿಯುವ ರೂಢಿಯಿಲ್ಲ. ಹಾದಿಯ ಗುಡಿ ಕಂಡರೆ ಕಾಲು ತಾನಾಗಿ ನಿಧಾನವಾಗುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ. ಯಂತ್ರಕ್ಕೆ ಏನೂ ಆಗಿರಲಿಲ್ಲ! ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಜೀವ ಹಗುರಾಯಿತು.

"ಇನ್ನೊಂದ್ ಸುತ್ತ ಹೋಗೂಣ್ರಿ. ಕೈ ಮುಗೀಬ್ಯಾಡ್ರಿ ಅಷ್ಟ."

"ಅದು ನನ್ನ ಕೈಲೆ ಆಗೂದಿಲ್ಲ," ಎಂದರು ಸರ್. ಕಾರಿನಿಂದ ಇಳಿದು ಬಂದು ನನ್ನ ಕಡೆಯ ಬಾಗಿಲು ತೆಗೆದರು. "ನೀನ ಗಾಡಿ ಹೊಡಿ."

ಸಂಜೆಯವರೆಗೂ ವಿದ್ಯಾನಗರದಿಂದ ಉಣಕಲ್ಲಿಗೆ ತಿರುತಿರುಗಿ ಹೋದೆವು. ಒಮ್ಮೆಯೂ ಮುಗ್ಗರಿಸಲಿಲ್ಲ. ಹಿಂದಿನ ಆಟೋಗಳೂ ಸುಮ್ಮನೆ ಬಂದವು. ಗುಡಿ ಬಂದಾಗಲೆಲ್ಲ ಸರ್ ಕಣ್ಣು ಮುಚ್ಚಿ ಕೈ ಜೋಡಿಸುತ್ತಿದ್ದರು.

"ವರದಿ ನೀನ ಬರಿ, ನಾ ಸಹಿ ಹಾಕ್ತೀನಿ," ಎಂದರು ಕೊನೆಗೆ. "ಇಷ್ಟ್ ವರ್ಷ ಹನುಮಪ್ಪಗ ಒಂದ ಕೈಲೆ ಮುಗದಿದ್ದೆ ನೋಡು. ಇವತ್ತ ಎರಡೂ ಕೈ ಸಿಕ್ಕವು."